ಹಾವಿನ ರೋಬೋಟ್‌ಗೆ ಅಡ್ಡಿ ಬೇಕೇ ಬೇಕು

ಹಾವಿನಂಥ ರೋಬೋಟ್ ಅಂದ ಕೂಡಲೇ ಯಾವುದಕ್ಕೂ ತಾಗದೆ ಸಂದಿಗಳಲ್ಲಿ ನುಸುಳುವ ಯಂತ್ರವೇ ನೆನಪಾಗುತ್ತದೆ, ಅಲ್ವಾ? ಅಸಲಿಗೆ ಅದು ತಾಗಬೇಕು, ಒತ್ತಬೇಕು. ಈ ಗುಟ್ಟು 1946ರಲ್ಲೇ ಬಯಲಾಗಿತ್ತು. ಕೇಂಬ್ರಿಡ್ಜ್‌ನ ಪ್ರಾಣಿಶಾಸ್ತ್ರಜ್ಞ ಜೇಮ್ಸ್ ಗ್ರೇ ಹಾವಿನ ಚಲನೆಯ ಬಗ್ಗೆ ಆ ವರ್ಷ ಬರೆದ ಪ್ರಬಂಧದ ತಿರುಳು ಇಷ್ಟೇ: ಬಳುಕಿದ ಮೈಯ ಎರಡೂ ಪಕ್ಕ ಒತ್ತಲು ಕಲ್ಲೋ ಗೂಟವೋ ಸಿಕ್ಕರೆ, ಅವು ತಿರುಗಿ ಒತ್ತುತ್ತವೆ, ಎಡಬಲದ ಒತ್ತಡ ಒಂದನ್ನೊಂದು ಕಳೆದು ಮುಂದಕ್ಕೆ ತಳ್ಳುವ ಬಲ ಉಳಿಯುತ್ತದೆ. ತೀರಾ ನುಣುಪು ನೆಲದಲ್ಲಿ ಅದೇ ಹಾವು ಇದ್ದಲ್ಲೇ ಒದ್ದಾಡುತ್ತದೆ.

ಆದರೆ ಎಂಜಿನಿಯರ್‌ಗಳು ಬೇರೆ ದಾರಿ ಹಿಡಿದರು. 1972ರಲ್ಲಿ ಟೋಕಿಯೋದಲ್ಲಿ ಶಿಗೆಓ ಹಿರೋಸೆ ಕಟ್ಟಿದ ಎಸಿಎಂ-3 ರೋಬೋಟ್‌ಗೆ 20 ಕೀಲುಗಳು, ಅಡಿಯಲ್ಲಿ ಮೋಟಾರ್ ಇಲ್ಲದ ಪುಟ್ಟ ಗಾಲಿಗಳು. ಗಾಲಿ ಮುಂದಕ್ಕೆ ಸಲೀಸಾಗಿ ಉರುಳುತ್ತದೆ, ಪಕ್ಕಕ್ಕೆ ಜಾರುವುದಿಲ್ಲ. ಹಾವಿನ ಹೊಟ್ಟೆಯ ಹುರುಪೆಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ. ಸೆಕೆಂಡಿಗೆ ಸುಮಾರು 40 ಸೆಂ.ಮೀ. ವೇಗ! ಆ ಕಾಲಕ್ಕೆ ಬೆರಗಿನ ಸಂಗತಿಯೇ. ಆದರೆ ಗಾಲಿಗೆ ಸಮತಟ್ಟು ನೆಲ ಬೇಕು, ಕುಸಿದ ಕಟ್ಟಡದ ಅವಶೇಷದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಪ್ರಕಾರ ಈ ಚೆಂದದ ಉಪಾಯವೇ ಮುಂದಿನವರನ್ನು ತುಂಬಾ ದಿನ ಸಪಾಟು ನೆಲಕ್ಕೆ ಕಟ್ಟಿಹಾಕಿತು.

ಗ್ರೇ ಹೇಳಿದ್ದಕ್ಕೆ ಗಟ್ಟಿಯಾಗಿ ಮರಳಿದವರಲ್ಲಿ ನಾರ್ವೆಯವರು ಮುಖ್ಯರು. 2008ರ ಹೊತ್ತಿಗೆ ಅಲ್ಲಿನ ಸಂಶೋಧಕರು ಅಡೆತಡೆಯನ್ನೇ ಆಸರೆ ಮಾಡಿಕೊಂಡು ಸಾಗುವ ಲೆಕ್ಕಾಚಾರ ಮುಂದಿಟ್ಟರು. ಆಮೇಲೆ ಬಂದ ಅವರ ಕುಲ್ಕೋ ರೋಬೋಟ್‌ಗೆ ಗಾಲಿಯೇ ಇಲ್ಲ. ಮೈತುಂಬ ಚೆಂಡಿನಂಥ ಕವಚ, ತಾಗಿದ ಬಲ ಅಳೆಯುವ ಸೆನ್ಸರ್‌ಗಳು. ಇಲ್ಲಿ ಎದುರಾದ ದೊಡ್ಡ ತಲೆನೋವು ಸಿಲುಕಿಕೊಳ್ಳುವುದು: ತಾಗಿದ್ದೆಲ್ಲ ಕೆಲಸಕ್ಕೆ ಬರುತ್ತದೆ ಎಂದೇನಿಲ್ಲ, ಕೆಲವು ಗೂಟಗಳು ಹಿಂದಕ್ಕೇ ನೂಕುತ್ತವೆ, ಆಗ ಯಾವ ಕೀಲನ್ನು ಎಷ್ಟು ತಿರುಗಿಸಿದರೆ ಮುಂದಕ್ಕೆ ತಳ್ಳುವ ಬಲ ಜಾಸ್ತಿಯಾಗುತ್ತದೆ ಎಂದು ರೋಬೋಟ್ ಅಲ್ಲೇ ಲೆಕ್ಕ ಹಾಕಬೇಕು.

ನಿಜವಾದ ಅವಶೇಷಕ್ಕೂ ಹಾವಿನ ರೋಬೋಟ್ ಇಳಿದಿದೆ. 2017ರ ಮೆಕ್ಸಿಕೋ ಭೂಕಂಪದ ನಂತರ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ ಕ್ಯಾಮೆರಾ ಹೊತ್ತ ರೋಬೋಟನ್ನು ಕುಸಿದ ಕಟ್ಟಡದೊಳಗೆ ಕಳಿಸಿತು. ಬದುಕುಳಿದವರು ಯಾರೂ ಸಿಗಲಿಲ್ಲ.

ಇತ್ತೀಚಿನ ತಿರುವು ನನಗೆ ಎಲ್ಲಕ್ಕಿಂತ ಇಷ್ಟ. 2023ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರತಿ ಕೀಲನ್ನೂ ಎಡಕ್ಕೊಂದು ಬಲಕ್ಕೊಂದು ತಂತಿಯಿಂದ ಎಳೆಯುವ ರೋಬೋಟ್ ತೋರಿಸಿದರು. ತಂತಿಯನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟರೆ ಗೂಟ ತಾಗಿದಾಗ ಮೈ ತಾನಾಗಿ ಬಳುಕಿ ದಾರಿ ಮಾಡಿಕೊಳ್ಳುತ್ತದೆ, ಮೈಯಿಡೀ ಸೆನ್ಸರ್ ಬೇಡ, ಸುಮ್ನೆ ಅಲೆಯಂತೆ ಬಳುಕುವ ಆಜ್ಞೆ ಕೊಟ್ಟರಾಯಿತು. ತೀರಾ ಬಿಗಿಯಿದ್ದರೆ ಸಿಲುಕುತ್ತದೆ, ತೀರಾ ಸಡಿಲವಾದರೆ ತಳ್ಳುವ ಕಸುವೇ ಇರುವುದಿಲ್ಲ. ಇನ್ನು ತಲೆಯೇ ನೇರ ಗೂಟಕ್ಕೆ ಗುದ್ದಿದಾಗ ಈ ಉಪಾಯವೊಂದೇ ಸಾಲದು, ಹಿಂದೆ ಸರಿದು ಮತ್ತೆ ನುಗ್ಗುವುದನ್ನು ಬೇರೆಯಾಗಿಯೇ ಹೇಳಿಕೊಡಬೇಕು.