ಸ್ಟೇರಿಂಗ್ ಲೂಸಾದರೆ ವೀಲ್ ಬಿಚ್ಚಬೇಡಿ, ಹಿಂದೆ ಹೋಗಿ ಬಾಲ ಹಿಡಿಯಿರಿ

ಹೋದ ಮಳೆಗಾಲ ಹಿರಿಯೂರು ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ದಾವಣಗೆರೆಯ ನಮ್ಮ ಶೆಡ್ಡಿಗೆ ಟ್ರೇಲರ್ ಮೇಲೆ ಒಂದು ಬೋಟ್ ತಂದರು. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಅದನ್ನು ನೋಡಿದ ಮೇಲೆ ಅವರಿಗೆ ನೀರಿನ ಹುಚ್ಚು ಹಿಡಿಯಿತಂತೆ. ಗೋವಾದಲ್ಲಿ ಹಳೇ ಬೋಟ್ ಕೊಂಡು ಕಾರವಾರದಲ್ಲಿ ಇಟ್ಟಿದ್ದಾರೆ. ಮಳೆಗಾಲದಲ್ಲಿ ಊರಿಗೆ ತರುತ್ತಾರೆ. ನಾನು ಮಂಗಳೂರಲ್ಲಿ ಒಂಬತ್ತು ವರ್ಷ ಬೋಟ್ ಇಂಜಿನ್ ಕೆಲಸ ಮಾಡಿ ಬಂದವನು ಅಂತ ಯಾರೋ ಹೇಳಿ ಕಳಿಸಿದ್ದರು.

"ಮೇಸ್ತ್ರಿ, ವೀಲ್ ಕಾಲು ಸುತ್ತು ತಿರುಗಿಸಿದ್ರೂ ಬೋಟಿಗೆ ಗೊತ್ತೇ ಆಗಲ್ಲ. ಎರಡು ಸಲ ಕೇಬಲ್ ಹಾಕಿಸಿದೀನಿ" ಅಂದರು.

ಕೇಬಲ್ ಅಂದ ತಕ್ಷಣ ನನಗೆ ಅನುಮಾನ ಬಂತು. ಕೇಬಲ್ ಕೆಟ್ಟರೆ ಸಾಮಾನ್ಯವಾಗಿ ಸ್ಟೇರಿಂಗ್ ಬಿಗಿಯಾಗುತ್ತದೆ, ಲೂಸಾಗುವುದು ಕಡಿಮೆ. ಆದರೆ ಕೇಬಲ್ ಕಣ್ಣಿಗೆ ಕಾಣುತ್ತದೆ, ಸುಲಭಕ್ಕೆ ಬದಲಾಯಿಸಬಹುದು. ಹಾಗಾಗಿ ಎಲ್ಲರೂ ಮೊದಲು ಅದಕ್ಕೇ ದುಡ್ಡು ಸುರಿಯುತ್ತಾರೆ.

ಇದು ಸ್ಟರ್ನ್‌ಡ್ರೈವ್ ಬೋಟ್. ಇಂಜಿನ್ ಬೋಟಿನ ಒಳಗೆ, ಹಿಂಭಾಗದಲ್ಲಿ ಕೂತಿರುತ್ತದೆ. ಗೇರು, ಪ್ರೊಪೆಲ್ಲರ್ ಇರುವ ಕಾಲು ಹಿಂದಿನ ಗೋಡೆಯ ಆಚೆ ನೀರಿನಲ್ಲಿ ಇಳಿಬಿದ್ದಿರುತ್ತದೆ. ಆ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ವೋಲ್ವೋ ಪೆಂಟಾ ಕಂಪನಿ 1959ರಲ್ಲಿ ಈ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಬೇರೆ ಚುಕ್ಕಾಣಿ ಇಲ್ಲ. ಇಡೀ ಕಾಲೇ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಪ್ರೊಪೆಲ್ಲರ್ ನೀರನ್ನು ತಳ್ಳುವ ದಿಕ್ಕು ಬದಲಾಗುತ್ತದೆ, ಬೋಟ್ ತಿರುಗುತ್ತದೆ. ಈ ಬೋಟಿನಲ್ಲಿ ಆ ಕಾಲನ್ನು ಹಿಡಿದಿರುವುದು ಗಿಂಬಲ್ ರಿಂಗ್ ಅನ್ನುವ ಅಲ್ಯೂಮಿನಿಯಂ ಬಳೆ. ಬಳೆಯ ಮೇಲ್ತುದಿಗೆ ಒಂದು ಸ್ಟೀಲ್ ಶಾಫ್ಟ್ ಕೂರುತ್ತದೆ, ಅದೇ ಸ್ವಿವೆಲ್ ಶಾಫ್ಟ್. ಶಾಫ್ಟಿನ ಮೇಲೆ, ಬೋಟಿನ ಒಳಗೆ, ಸ್ಟೇರಿಂಗ್ ಆರ್ಮ್. ವೀಲಿನಿಂದ ಬಂದ ಕೇಬಲ್ ಈ ಆರ್ಮನ್ನು ಎಳೆದು ತಳ್ಳುತ್ತದೆ. ಟ್ರ್ಯಾಕ್ಟರಿನ ಮುಂದಿನ ಚಕ್ರ ತಿರುಗುವ ಕಿಂಗ್‌ಪಿನ್ ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ?

ಒಂದು ವಿಷಯ ಮೊದಲೇ ತಿಳಿದಿರಲಿ. ತೀರಾ ನಿಧಾನಕ್ಕೆ ಹೋಗುವಾಗ ಸ್ಟರ್ನ್‌ಡ್ರೈವ್ ಬೋಟಿನ ಮೂತಿ ಅತ್ತ ಇತ್ತ ಹೊರಳುವುದು ಸಹಜ. ಅದು ಲೂಸ್ ಅಲ್ಲ. ವೇಗ ಹಿಡಿದ ಮೇಲೂ ಹೊರಳಿದರೆ, ವೀಲ್ ತಿರುಗಿಸಿದಾಗ ಒಂದು ಗಳಿಗೆ ಖಾಲಿ ಖಾಲಿ ಅನಿಸಿದರೆ, ಆಗ ಹುಡುಕಬೇಕು.

ಹುಡುಕುವುದು ಹಿಂದಿನಿಂದ ಮುಂದಕ್ಕೆ. ಬೋಟ್ ಟ್ರೇಲರ್ ಮೇಲಿರಲಿ, ಕೀ ತೆಗೆದಿರಲಿ, ಕಾಲು ಪೂರ್ತಿ ಕೆಳಗೆ ಇಳಿದಿರಲಿ. ನಮ್ಮ ಹುಡುಗ ಕಾಲಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ. ಯಜಮಾನರು ವೀಲ್ ಗಟ್ಟಿಯಾಗಿ ಹಿಡಿದು ಕೂತರು. ನಾನು ಟಾರ್ಚ್ ಹಿಡಿದು ಇಂಜಿನ್ ಹಿಂದೆ ಬಗ್ಗಿ ಸ್ಟೇರಿಂಗ್ ಆರ್ಮ್ ನೋಡಿದೆ. ಹೊರಗೆ ಕಾಲಿನ ತುದಿ ಒಂದೂವರೆ ಇಂಚು ಆಡುತ್ತಿತ್ತು. ಒಳಗೆ ಆರ್ಮ್ ಅಲ್ಲಾಡಲೇ ಇಲ್ಲ. ಅಂದರೆ ಅಲುಗಾಟ ಬಳೆ ಮತ್ತು ಶಾಫ್ಟಿನ ನಡುವೆಯೇ ಸಾಯುತ್ತಿದೆ. ವೀಲಿನವರೆಗೆ ಬರುವುದೇ ಇಲ್ಲ.

ಆರ್ಮ್ ಆಡಿ ಕೇಬಲ್ ತುದಿ ಆಡದಿದ್ದರೆ ನಡುವಿನ ಪಿನ್ನು, ಬುಷ್ ಸವೆದಿವೆ. ಕೇಬಲ್ಲೂ ಆಡಿ, ಹಿಡಿದ ವೀಲಿಗೆ ಏನೂ ತಾಕದಿದ್ದರೆ ವೀಲಿನ ಹಿಂದಿನ ಗೇರು ಹೋಗಿದೆ. ಪವರ್ ಸ್ಟೇರಿಂಗ್ ಇದ್ದರೆ ಆಯಿಲ್ ಮಟ್ಟವನ್ನೂ ನೋಡಿ. ಎಲ್ಲಿ ಅಲುಗಾಟ ನಿಲ್ಲುತ್ತದೋ ಅಲ್ಲಿಗೇ ಸ್ಪ್ಯಾನರ್ ಹಾಕಬೇಕು. ಅದಕ್ಕಿಂತ ಮೊದಲು ಯಾವ ಸಾಮಾನನ್ನೂ ಕೊಳ್ಳಬೇಡಿ.

ಬಳೆಯ ತಲೆಯಲ್ಲಿ ಒಂದು ಸೀಳು, ಅದನ್ನು ಬಿಗಿ ಮಾಡಲು ಎರಡು ಬೋಲ್ಟ್. ಅವನ್ನು ಬಿಗಿ ಮಾಡಿದರೆ ಬಳೆ ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ. ಬೋಲ್ಟ್ ಸಡಿಲವಾಗಿದ್ದರೆ ಅಷ್ಟರಲ್ಲೇ ಕೆಲಸ ಮುಗಿಯಬಹುದು. ನಮ್ಮದರಲ್ಲಿ ಸೀಳು ಆಗಲೇ ಮುಚ್ಚಿಹೋಗಿತ್ತು. ಹಿಂದೆ ಯಾರೋ ಮತ್ತೆ ಮತ್ತೆ ಬಿಗಿ ಮಾಡಿದ್ದಾರೆ, ಇನ್ನು ಕಚ್ಚಲು ಜಾಗವೇ ಇಲ್ಲ.

ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಶಾಫ್ಟಿನ ಕೆಳಭಾಗ ಚೌಕ, ಬಳೆಯ ತೂತೂ ಚೌಕ. ಸ್ಟೀಲ್ ಹೆಚ್ಚೇನೂ ಸವೆದಿರಲಿಲ್ಲ. ಅಲ್ಯೂಮಿನಿಯಂ ತೂತಿನ ನಾಲ್ಕು ಮೂಲೆಯೂ ಉಂಡುಂಡಗೆ ಆಗಿದ್ದವು. ಒಳಗೆ ಬಿಳಿ ಪುಡಿ, ಸುಣ್ಣ ಮೆತ್ತಿದ ಹಾಗೆ. ಉಪ್ಪುನೀರಿನಲ್ಲಿ ಸ್ಟೀಲಿಗೆ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಹೀಗೆ ಕರಗುತ್ತದೆ. ಮೇಲಿನ ಸೀಲ್ ಹೋಗಿ ಟ್ರಾನ್ಸಮ್ಮಿನ ಒಳಬದಿಯಲ್ಲಿ, ಆರ್ಮಿನ ಕೆಳಗೆ, ತುಕ್ಕಿನ ಗೆರೆ ಇಳಿದಿತ್ತು. ಹಳೇ ಬೋಟ್ ಕೊಳ್ಳುವವರು ಬಣ್ಣ ನೋಡುವ ಮೊದಲು ಟಾರ್ಚ್ ಹಾಕಿ ಈ ಗೆರೆ ನೋಡಿ.

"ವೆಲ್ಡ್ ಮಾಡಿಸಿ ಲೇತಲ್ಲಿ ಸರಿ ಮಾಡಿಸೋಣ, ದಾವಣಗೆರೇಲಿ ಎಂಥೆಂಥಾ ಲೇತ್ ಇಲ್ಲ?" ಅಂದರು ಯಜಮಾನರು. ಲೇತಿನವರ ಕೈಚಳಕದ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಆದರೂ ಒಪ್ಪಲಿಲ್ಲ. ಎರಕದ ಅಲ್ಯೂಮಿನಿಯಂ ವೆಲ್ಡ್ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. "ಯಜಮಾನ್ರೇ, ಟ್ರ್ಯಾಕ್ಟರ್ ಆದ್ರೆ ಗದ್ದೆಯಲ್ಲಿ ನಿಲ್ಲುತ್ತೆ. ಇದು ಮೊಮ್ಮಕ್ಕಳನ್ನ ಕೂರಿಸ್ಕೊಂಡು ನೀರಿನ ಮಧ್ಯೆ ಹೋಗೋ ಗಾಡಿ" ಅಂದೆ. ಸುಮ್ಮನಾದರು. ಹೊಸ ಬಳೆ, ಹೊಸ ಶಾಫ್ಟ್, ಬುಷ್, ಸೀಲ್ ತರಿಸಿದೆವು.

ಇಂಜಿನ್ ಎತ್ತದೆ, ಹೊರಗಿನ ಎರಕದಲ್ಲಿ ತೂತು ಕೊರೆದು ಆರ್ಮ್ ಬಿಚ್ಚುವವರೂ ಇದ್ದಾರೆ. ಆಮೇಲೆ ತೂತಿಗೆ ಮರೆ ಹಾಕಿ ಮುಚ್ಚುತ್ತಾರೆ. ಸರಿಯಾಗಿ ಮಾಡಿದರೆ ತಪ್ಪಿಲ್ಲ, ಕೂಲಿಯೂ ಉಳಿಯುತ್ತದೆ. ಆದರೆ ಸೀಲ್ ಸೋರಿದ ಬೋಟಿನಲ್ಲಿ ಟ್ರಾನ್ಸಮ್ಮಿನ ಒಳಗಿನ ಮರ ಕೊಳೆತಿದೆಯೋ ನೋಡದೆ ನಾನು ಮುಚ್ಚುವುದಿಲ್ಲ. ಇಂಜಿನ್ ಎತ್ತಿದೆವು. ಸುತ್ತಿಗೆಯ ಹಿಡಿಯಿಂದ ಇಂಚಿಂಚೂ ತಟ್ಟಿ ನೋಡಿದೆ, ಎಲ್ಲೂ ಕೊಳೆತ ಮರದ ಮಂದ ಶಬ್ದ ಬರಲಿಲ್ಲ. ಮತ್ತೆ ಕೂರಿಸುವಾಗ, ಇಂಜಿನ್ನೂ ಕಾಲೂ ಒಂದೇ ಗೆರೆಯಲ್ಲಿವೆಯೋ ಅಂತ ನೋಡುವ ಅಲೈನ್‌ಮೆಂಟ್ ರಾಡ್ ಎರಡೇ ಬೆರಳಿನಲ್ಲಿ ಒಳಗೆ ಹೋಗಿ ಬರಬೇಕು. ಅದಕ್ಕೇ ಅರ್ಧ ದಿನ ಹಿಡಿಯಿತು. ಅಲ್ಲಿ ಅವಸರ ಮಾಡಿದರೆ ಸ್ಟೇರಿಂಗ್ ಸರಿಹೋಗಿ, ಇಂಜಿನ್ನನ್ನು ಕಾಲಿಗೆ ಜೋಡಿಸುವ ಕಪ್ಲಿಂಗ್ ಹಾಳಾಗುತ್ತದೆ.

ಕೊನೆಗೆ ಮತ್ತೆ ಅದೇ ಪರೀಕ್ಷೆ. ಈ ಸಲ ಯಜಮಾನರೇ ಹಿಂದೆ ಬಂದು ಕಾಲಿನ ತುದಿ ಹಿಡಿದರು, ಹುಡುಗ ವೀಲ್ ಬಿಟ್ಟು ಕೂತ. ಅವರು ಮೆಲ್ಲಗೆ ಎಳೆದರು. ಒಳಗೆ ಆರ್ಮ್ ಅದೇ ಕ್ಷಣಕ್ಕೆ ಹೊರಟಿತು. "ಅಣ್ಣಾ, ವೀಲ್ ತಿರುಗ್ತಾ ಇದೆ" ಅಂತ ಮುಂದಿನಿಂದ ಹುಡುಗ ಕೂಗಿದ. ಗ್ರೀಸ್ ಗನ್ ತಂದು, ಶಾಫ್ಟಿನ ನಿಪ್ಪಲ್ ಎಲ್ಲಿದೆ ಅಂತ ಯಜಮಾನರ ಬೆರಳನ್ನೇ ಹಿಡಿದು ಮುಟ್ಟಿಸಿ ತೋರಿಸಿದೆ. ಅದರ ಮೇಲೆ ಹಿಂದಿನವರು ಬಣ್ಣ ಬಳಿದು ಮುಚ್ಚಿಬಿಟ್ಟಿದ್ದರು.