ಮುಳ್ಳು ತಿರುಗಿದ್ದು ಅಕಸ್ಮಾತ್ತಾಗಿಯೇ?

ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುತ್ತದೆ. ಹತ್ತನೇ ಕ್ಲಾಸಿನಲ್ಲಿ ಓದಿದ್ದೇ ಇದು. ಆದರೆ ಕಂಡವರು ಯಾರು ಅಂತ ಕೇಳಿದರೆ ಕಥೆ ಗೋಜಲು. ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲಿ ಪಾಠದ ನಡುವೆ ಅಕಸ್ಮಾತ್ತಾಗಿ ಕಂಡರು ಅನ್ನುತ್ತಾರೆ. ಇಟಲಿಯ ವಕೀಲ ರೊಮಾನ್ಯೋಸಿ 1802ರಲ್ಲೇ ಕಂಡಿದ್ದರು ಅನ್ನುವವರೂ ಇದ್ದಾರೆ.

ಸಿಡಿಲು ಬಡಿದ ಹಡಗಿನಲ್ಲಿ ದಿಕ್ಸೂಚಿ ಕೆಡುವುದು ನಾವಿಕರಿಗೆ ಮೊದಲೇ ಗೊತ್ತಿತ್ತು. ಆದರೂ ವಿದ್ಯುತ್ತೇ ಬೇರೆ, ಕಾಂತವೇ ಬೇರೆ ಎಂಬ ಮಾತು 1780ರ ದಶಕದಲ್ಲೂ ಗಟ್ಟಿಯಾಗಿತ್ತು. 1800ರಲ್ಲಿ ವೋಲ್ಟಾರ ಬ್ಯಾಟರಿ ಬಂತು. ರೊಮಾನ್ಯೋಸಿ ಬಳಸಿದ್ದೂ ಅದನ್ನೇ. ಆದರೆ ಅವರ ವರದಿಯಲ್ಲಿ ತಂತಿ ಬ್ಯಾಟರಿಯ ಎರಡೂ ತುದಿಗೆ ಸೇರಿದಂತೆ ಕಾಣುವುದಿಲ್ಲ. ಕರೆಂಟೇ ಹರಿಯದಿದ್ದರೆ ಅದು ಬೇರೆಯದೇ ಪರಿಣಾಮ, ಅಲ್ವಾ?

ಬ್ಯಾಟರಿ ಬಂದ ಮೇಲೂ 20 ವರ್ಷ ಯಾಕೆ ಬೇಕಾಯಿತು? ತಂತಿಯ ಕಾಂತಬಲ ಅದರ ಉದ್ದಕ್ಕೆ ಹೋಗುವುದಿಲ್ಲ, ಬಳೆಯಂತೆ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತುವ ಬಲವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮುಳ್ಳಿಗೆ ಅಡ್ಡಲಾಗಿ, ಪೂರ್ವ-ಪಶ್ಚಿಮಕ್ಕೆ ತಂತಿ ಹಿಡಿದರೆ ಮುಳ್ಳು ಸುಮ್ನೆ ನಿಲ್ಲಬಹುದು. ಉತ್ತರ-ದಕ್ಷಿಣಕ್ಕೆ, ಮುಳ್ಳಿನ ಮೇಲೆಯೇ ಹಿಡಿದರೆ ತಿರುಗುತ್ತದೆ. ನಮ್ಮ ಶಾಲೆಯಲ್ಲೂ ತಂತಿ ಅಡ್ಡಲಾಗಿತ್ತು. ಮುಳ್ಳು ಅಲ್ಲಾಡಲಿಲ್ಲ, ಬೈಗುಳ ತಿಂದದ್ದು ಪಾಪದ ಸೆಲ್ಲು.

ಲೆಕ್ಕವೂ ಸುಲಭ. ನಮ್ಮ ಕಡೆ ಭೂಮಿ ಮುಳ್ಳನ್ನು ಉತ್ತರಕ್ಕೆ ಎಳೆಯುವ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ತಂತಿಯಲ್ಲಿ 2 ಆಂಪಿಯರ್ ಹರಿದರೆ 1 ಸೆಂಟಿಮೀಟರ್ ದೂರದಲ್ಲಿ ಅದರದ್ದೂ ಅಷ್ಟೇ. ಇಬ್ಬರ ಜಗ್ಗಾಟದಲ್ಲಿ ಮುಳ್ಳು 45 ಡಿಗ್ರಿಗೆ ನಿಲ್ಲುತ್ತದೆ.

ಇನ್ನು ಆ 'ಅಕಸ್ಮಾತ್' ವಿಷಯ. ವಿದ್ಯುತ್ತಿಗೂ ಕಾಂತಕ್ಕೂ ನಂಟಿರಬೇಕು ಎಂದು ಓರ್ಸ್ಟೆಡ್ ವರ್ಷಗಳ ಹಿಂದೆಯೇ ಬರೆದಿದ್ದರು. 1820ರ ವಸಂತದಲ್ಲಿ, ಪಾಠದ ಹೊತ್ತಿನಲ್ಲಿ ಮುಳ್ಳು ಸ್ವಲ್ಪವೇ ಅಲ್ಲಾಡಿತು. ಅವರು ಕುಣಿದಾಡಲಿಲ್ಲ. ಜುಲೈನಲ್ಲಿ ದೊಡ್ಡ ಬ್ಯಾಟರಿ ಕಟ್ಟಿ ಮತ್ತೆ ಕೂತರು. ನಡುವೆ ಗಾಜು, ಮರ, ಲೋಹ, ನೀರು ಇಟ್ಟು ನೋಡಿದರು, ಯಾವುದೂ ತಡೆಯಲಿಲ್ಲ. ತಂತಿಯನ್ನು ಮುಳ್ಳಿನ ಕೆಳಗೆ ಹಿಡಿದರೆ ಅದು ಉಲ್ಟಾ ತಿರುಗಿತು. ಜುಲೈ 21ಕ್ಕೆ ಲ್ಯಾಟಿನ್ನಿನಲ್ಲಿ ನಾಲ್ಕು ಪುಟ ಅಚ್ಚಾಯಿತು. ಅಕಸ್ಮಾತ್ ಕಥೆಗೆ ಬಲ ಬಂದದ್ದು ಅವರು ತೀರಿಕೊಂಡ ಮೇಲೆ, 1857ರ ಒಂದು ಪತ್ರದಿಂದ. ಹುಡುಕುತ್ತಿದ್ದವರಿಗೆ ಸಿಕ್ಕಿದ್ದನ್ನು ಅಕಸ್ಮಾತ್ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು.

ಸುದ್ದಿ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಮುಟ್ಟಿತು. 11ರಂದು ಅಲ್ಲಿನ ವಿಜ್ಞಾನಿ ಅರಾಗೋ ಪ್ರಯೋಗ ತೋರಿಸಿದರು. 18ಕ್ಕೆ ಆಂಪಿಯರ್ ತಮ್ಮ ಮೊದಲ ಪ್ರಬಂಧ ಓದಿದರು. ಮುಳ್ಳಿನ ಸುತ್ತ ತಂತಿಯನ್ನು ಹಲವು ಸುತ್ತು ಸುತ್ತಿ ಕರೆಂಟು ಅಳೆಯುವ ಉಪಕರಣವೂ ಅದೇ ವರ್ಷ ಬಂತು.

ಮನೆಯ ಪ್ಲಗ್ಗಿನ ವೈರಿನ ಹತ್ತಿರ ದಿಕ್ಸೂಚಿ ಹಿಡಿದು ಇದನ್ನು ನೋಡಲು ಹೋಗಬೇಡಿ. ಅಲ್ಲಿ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ, ಮುಳ್ಳಿಗೆ ತಿರುಗಲು ಪುರುಸೊತ್ತೇ ಇರುವುದಿಲ್ಲ.