ಇಂಡಿಯನ್ ಸಮ್ಮರ್: ರಿಚರ್ಡ್ ಸ್ಟ್ರಾಸ್‌ನ ಕೊನೆಯ ದಶಕ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಗ್ಗೆ ಓದುವವರಿಗೆ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಹೆಸರಿನ ಬೆನ್ನಿಗೇ ‘ಇಂಡಿಯನ್ ಸಮ್ಮರ್’ ಎಂಬ ಮಾತು ಎದುರಾಗುತ್ತದೆ. ಕಛೇರಿಯ ಟಿಪ್ಪಣಿಗಳಲ್ಲಿ, ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ, ಜೀವನಚರಿತ್ರೆಗಳಲ್ಲಿ, ಎಲ್ಲೆಡೆ ಅದೇ ಮಾತು. ನಮಗೆ ತಟ್ಟನೆ ನೆನಪಾಗುವುದು ಏಪ್ರಿಲ್, ಮೇ ತಿಂಗಳ ಸುಡುಬಿಸಿಲು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಉತ್ತರ ಅಮೆರಿಕದಲ್ಲಿ ಹದಿನೆಂಟನೆಯ ಶತಮಾನದಿಂದ ಬಳಕೆಯಲ್ಲಿರುವ ನುಡಿ. ಇಲ್ಲಿ ‘ಇಂಡಿಯನ್’ ಎಂದರೆ ಅಲ್ಲಿನ ಮೂಲನಿವಾಸಿಗಳು. ಶರತ್ಕಾಲ ಕಳೆಯುತ್ತ ಬಂದು, ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಒಮ್ಮೆ ಬಿದ್ದು, ಇನ್ನು ಚಳಿಗಾಲವೇ ಸರಿ ಎಂದುಕೊಳ್ಳುವಾಗ ಕೆಲವು ದಿನ ಎಳೆಬಿಸಿಲು ಮರಳಿ ಬರುತ್ತದೆ. ಆ ದಿನಗಳಿಗೆ ಈ ಹೆಸರು. ಮುಪ್ಪಿನಲ್ಲಿ ಅನಿರೀಕ್ಷಿತವಾಗಿ ಮತ್ತೆ ಚಿಗುರುವ ಪ್ರತಿಭೆಗೂ ಅದನ್ನೇ ಅನ್ವಯಿಸುತ್ತಾರೆ.

ಸ್ಟ್ರಾಸ್‌ನ ವಿಷಯದಲ್ಲಿ ಅದು ಸಾಮಾನ್ಯವಾಗಿ 1942ರಿಂದ 1948ರವರೆಗಿನ ರಚನೆಗಳನ್ನು ಸೂಚಿಸುತ್ತದೆ. ಅಂದರೆ ಎಪ್ಪತ್ತೆಂಟರಿಂದ ಎಂಬತ್ತನಾಲ್ಕರ ವಯಸ್ಸಿನಲ್ಲಿ ಬರೆದದ್ದು. ಮ್ಯೂನಿಕ್‌ನಲ್ಲಿ 1864ರ ಜೂನ್ 11ರಂದು ಹುಟ್ಟಿದ ಈತನಿಗೂ ವಾಲ್ಟ್ಸ್ ನೃತ್ಯಸಂಗೀತಕ್ಕೆ ಹೆಸರಾದ ವಿಯೆನ್ನಾದ ಯೋಹಾನ್ ಸ್ಟ್ರಾಸ್‌ಗೂ ನೆಂಟಸ್ತಿಕೆಯಿಲ್ಲ. ವಾದ್ಯವೃಂದದ ಕೃತಿ ‘ಡಾನ್ ಹ್ವಾನ್’ನಿಂದ ಯುರೋಪನ್ನು ಬೆರಗುಗೊಳಿಸಿದಾಗ ಅವನಿಗೆ ಇಪ್ಪತ್ತೈದು ವರ್ಷ. 1905ರ ‘ಸಲೋಮೆ’, 1909ರ ‘ಎಲೆಕ್ಟ್ರಾ’ ಒಪೆರಾಗಳ (ಹಾಡಿನಲ್ಲೇ ನಡೆಯುವ ನಾಟಕಗಳ) ಕಾಲಕ್ಕೆ ಅವನು ಹೊಸ ಸಂಗೀತದ ಮುಂಚೂಣಿಯಲ್ಲಿದ್ದ. 1911ರ ‘ರೋಸೆನ್‌ಕವಲಿಯರ್’ ಅಪಾರ ಜನಪ್ರಿಯತೆ ಗಳಿಸಿತು. ಅಲ್ಲಿಂದಾಚೆಗೆ ಕಾಲ ಅವನನ್ನು ದಾಟಿ ಮುಂದೆ ಹೋಯಿತು ಎಂಬ ಅಭಿಪ್ರಾಯ ಬಲವಾಗುತ್ತ ಹೋಯಿತು. ಜೊತೆಗೂಡಿ ಒಪೆರಾಗಳನ್ನು ಕಟ್ಟಿದ ಕವಿ ಹೋಫ್‌ಮನ್‌ಸ್ಟಾಲ್ 1929ರಲ್ಲಿ ತೀರಿಕೊಂಡ. ಆಮೇಲಿನ ಕೆಲಸವನ್ನು ವಿಮರ್ಶಕರು ಕೈಚಳಕದ ಮುಂದುವರಿಕೆಯೆಂದಷ್ಟೇ ಕಂಡರು.

ಇಷ್ಟನ್ನೇ ಹೇಳಿ ನೇರವಾಗಿ 1942ಕ್ಕೆ ಹಾರಿದರೆ ‘ಇಂಡಿಯನ್ ಸಮ್ಮರ್’ ಎಂಬುದು ಹಿತವಾದ, ಸಲೀಸಾದ ಮುಪ್ಪಿನ ಚಿತ್ರವಾಗಿಬಿಡುತ್ತದೆ. ಹಲವು ಟಿಪ್ಪಣಿಗಳು ಹಾಗೆಯೇ ಮಾಡುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಎಳೆಬಿಸಿಲಿಗೆ ಮೊದಲು ಚಳಿ ಬಿದ್ದಿರಲೇಬೇಕು. ಆ ಚಳಿಯನ್ನು ಬಿಟ್ಟು ಹೇಳಿದರೆ ಈ ನುಡಿಗೆ ಅರ್ಥವೇ ಇಲ್ಲ. ಸ್ಟ್ರಾಸ್‌ನ ಬದುಕಿನಲ್ಲಿ ಚಳಿ ಹೊರಗಿನಿಂದಲೂ ಬಂತು, ಅವನೇ ಬಾಗಿಲು ತೆರೆದೂ ಬಂತು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ, ನಾಜಿಗಳು ಬರ್ಲಿನ್ನಿನಲ್ಲಿ ತಡೆದ ಯಹೂದಿ ವಾದ್ಯವೃಂದ ನಿರ್ದೇಶಕ ಬ್ರೂನೋ ವಾಲ್ಟರನ ಜಾಗದಲ್ಲಿ ಸ್ಟ್ರಾಸ್ ಕಛೇರಿ ನಡೆಸಿಕೊಟ್ಟ. ಪ್ರತಿಭಟಿಸಿ ಹಿಂದೆ ಸರಿದ ಇಟಲಿಯ ನಿರ್ದೇಶಕ ಟೊಸ್ಕನಿನಿಯ ಬದಲಿಗೆ ವಾಗ್ನರನ ಒಪೆರಾ ಉತ್ಸವ ನಡೆಯುವ ಬೈರಾಯ್ಟ್‌ಗೂ ಹೋದ. ಅದೇ ವರ್ಷ ನವೆಂಬರಿನಲ್ಲಿ ನಾಜಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷನಾದ. ಯಹೂದಿ ಲೇಖಕ ಸ್ಟೆಫಾನ್ ಜ್ವೈಗ್ ಬರೆದ ಒಪೆರಾಕ್ಕೆ ಸಂಗೀತ ಕೊಟ್ಟು, ಅವನಿಗೆ ಬರೆದ ಮುಚ್ಚುಮರೆಯಿಲ್ಲದ ಪತ್ರ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಗೆ ಸಿಕ್ಕಿ, 1935ರ ಜುಲೈಯಲ್ಲಿ ಆ ಸ್ಥಾನ ಬಿಡಬೇಕಾಯಿತು. ಸೊಸೆ ಆಲಿಸ್ ಯಹೂದಿ. ನಾಜಿಗಳ ಕಾನೂನಿನಲ್ಲಿ ಇಬ್ಬರು ಮೊಮ್ಮಕ್ಕಳೂ ಅಪಾಯದಲ್ಲಿದ್ದರು. ಆಲಿಸ್‌ಳ ಅಜ್ಜಿಯನ್ನು ನಾಜಿಗಳ ಟೆರೆಜಿನ್ ಸೆರೆ ಶಿಬಿರಕ್ಕೆ ಒಯ್ದಾಗ ಸ್ಟ್ರಾಸ್ ಕಾರಿನಲ್ಲಿ ಶಿಬಿರದ ಬಾಗಿಲಿಗೇ ಹೋಗಿ ಹೆಸರು ಹೇಳಿದ. ಕಾವಲುಗಾರರು ಹಿಂದೆ ಕಳಿಸಿದರು. ಆಲಿಸ್‌ಳ ಬಂಧುಗಳಲ್ಲಿ ಅನೇಕರು ಶಿಬಿರಗಳಿಂದ ಮರಳಲಿಲ್ಲ. ಒಂದು ಕಡೆ ಹೊಂದಾಣಿಕೆ, ಇನ್ನೊಂದು ಕಡೆ ಮನೆಯವರನ್ನು ಉಳಿಸಿಕೊಳ್ಳುವ ಹೆಣಗಾಟ. ಇವೆರಡೂ ಒಬ್ಬನೇ ಮನುಷ್ಯನವು.

ಈ ಹಿನ್ನೆಲೆಯಲ್ಲಿ 1942ರ ಅಕ್ಟೋಬರ್ 28ರಂದು ಮ್ಯೂನಿಕ್‌ನಲ್ಲಿ ‘ಕ್ಯಾಪ್ರಿಚಿಯೋ’ ಒಪೆರಾ ರಂಗಕ್ಕೆ ಬಂತು. ಹೊರಗೆ ವಿಶ್ವಯುದ್ಧ, ರಂಗದ ಮೇಲೆ ಹದಿನೆಂಟನೆಯ ಶತಮಾನದ ಪ್ಯಾರಿಸ್ ಬಳಿಯ ಒಂದು ಬಂಗಲೆ. ಒಬ್ಬ ಕವಿ, ಒಬ್ಬ ಸಂಗೀತಗಾರ, ಇಬ್ಬರೂ ಮೆಚ್ಚಿದ ಒಬ್ಬಳು ಕೌಂಟೆಸ್. ಮಾತು ಮೇಲೋ ಸಂಗೀತ ಮೇಲೋ ಎಂಬ ಚರ್ಚೆಗೆ ಕೊನೆಯಲ್ಲೂ ಉತ್ತರವಿಲ್ಲ. ಇದು ಪಲಾಯನವಲ್ಲವೇ ಎಂದು ಕೇಳಿದವರಿದ್ದಾರೆ, ಕೇಳಬೇಕಾದ ಪ್ರಶ್ನೆಯೂ ಹೌದು. ಆದರೆ ಬೆಳದಿಂಗಳ ಕೊನೆಯ ದೃಶ್ಯದಲ್ಲಿ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯ ಏಕಾಂಗಿಯಾಗಿ ಎತ್ತಿಕೊಳ್ಳುವ ನೀಳವಾದ ರಾಗವನ್ನು ಕೇಳಿದವರಿಗೆ ಅವನ ದನಿ ಬದಲಾಗಿರುವುದು ಗೊತ್ತಾಗುತ್ತದೆ. ‘ಎಲೆಕ್ಟ್ರಾ’ದ ಭಾರೀ ವಾದ್ಯವೃಂದದ ಅಬ್ಬರ ಇಲ್ಲಿಲ್ಲ, ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ತಿಳಿಯಾಗಿ ಕೇಳುತ್ತದೆ. ರಂಗಭೂಮಿಯ ತನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಇರಲಾರದು ಎಂಬ ಅರ್ಥದಲ್ಲಿ ಸ್ಟ್ರಾಸ್ ತನ್ನ ಸಹಲೇಖಕ, ವಾದ್ಯವೃಂದ ನಿರ್ದೇಶಕ ಕ್ಲೆಮೆನ್ಸ್ ಕ್ರಾಸ್‌ಗೆ ಹೇಳಿದ. ಇದು ಅವನ 85ನೆಯ ಓಪಸ್, ಅಂದರೆ ಸಂಖ್ಯೆ ಕೊಟ್ಟ ಕೃತಿಗಳಲ್ಲಿ 85ನೆಯದು. ಮುಂದಿನ ರಚನೆಗಳಿಗೆ ಅವನು ಓಪಸ್ ಸಂಖ್ಯೆಯನ್ನೇ ಕೊಡಲಿಲ್ಲ. ಕೈಗೆ ಜಡ್ಡು ಹಿಡಿಯದಂತೆ ಮಾಡುವ ಮಣಿಕಟ್ಟಿನ ವ್ಯಾಯಾಮ ಎಂದು ಅವುಗಳನ್ನು ಕರೆದ.

ಆ ‘ವ್ಯಾಯಾಮ’ಗಳೇ ಇಂಡಿಯನ್ ಸಮ್ಮರ್‌ನ ತಿರುಳು. ಎರಡನೆಯ ಹಾರ್ನ್ ಕನ್ಸರ್ಟೋವನ್ನು (ಒಂದು ಮುಖ್ಯ ವಾದ್ಯಕ್ಕೂ ವಾದ್ಯವೃಂದಕ್ಕೂ ಬರೆದ ಕೃತಿ) ನೋಡಿ. ಸ್ಟ್ರಾಸ್‌ನ ತಂದೆ ಫ್ರಾಂಜ್ ಮ್ಯೂನಿಕ್ ಆಸ್ಥಾನದ ವಾದ್ಯವೃಂದದಲ್ಲಿ ಮುಖ್ಯ ಹಾರ್ನ್ ವಾದಕ. ಮಗ ಹದಿನೆಂಟರ ಹರೆಯದಲ್ಲಿ ಮೊದಲ ಹಾರ್ನ್ ಕನ್ಸರ್ಟೋ ಬರೆದಿದ್ದ. ಅರವತ್ತು ವರ್ಷ ಕಳೆದು 1942ರಲ್ಲಿ ಅದೇ ಇ-ಫ್ಲ್ಯಾಟ್ ಮೇಜರ್ ಶ್ರುತಿಯಲ್ಲಿ ಎರಡನೆಯದನ್ನು ಬರೆದ. ಆಮೇಲೆ ಹದಿನಾರು ಊದುವಾದ್ಯಗಳಿಗಾಗಿ ಎರಡು ಸೊನಾಟಿನಾಗಳು. ಎರಡನೆಯದನ್ನು ಮೊಜಾರ್ಟನ ಚೇತನಕ್ಕೆ ಅರ್ಪಿಸಿದ. ಕೊನೆಗಾಲದಲ್ಲಿ ಬೀಥೋವನ್ ಇದ್ದ ರೂಪಗಳನ್ನು ಒಡೆದು ಮುಂದಿನ ಶತಮಾನಕ್ಕೆ ಬರೆದ ಎನ್ನುತ್ತೇವೆ. ಸ್ಟ್ರಾಸ್ ಮಾಡಿದ್ದು ಅದಕ್ಕೆ ತಿರುಗುಮುರುಗಾದದ್ದು: ತನ್ನ ಬಾಲ್ಯದ ವಾದ್ಯಕ್ಕೆ, ತಾನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ಮೊಜಾರ್ಟನಿಗೆ ಮರಳಿದ.

ಆದರೆ ಮರಳಲು ಊರೇ ಉಳಿಯಲಿಲ್ಲ. 1943ರ ಅಕ್ಟೋಬರ್ ಆರಂಭದಲ್ಲಿ ಮ್ಯೂನಿಕ್‌ನ ನ್ಯಾಷನಲ್ ಥಿಯೇಟರ್ ಬಾಂಬಿಗೆ ಬಲಿಯಾಯಿತು. ವಾಗ್ನರನ ‘ಟ್ರಿಸ್ಟಾನ್’ ಮೊದಲು ಪ್ರದರ್ಶನಗೊಂಡದ್ದು ಅಲ್ಲಿ. ತಂದೆ ದಶಕಗಳ ಕಾಲ ಹಾರ್ನ್ ಊದಿದ್ದೂ ಅಲ್ಲಿ. 1945ರ ಫೆಬ್ರವರಿಯಲ್ಲಿ ಅವನ ಅನೇಕ ಒಪೆರಾಗಳು ಮೊದಲು ಬೆಳಕು ಕಂಡ ಡ್ರೆಸ್ಡೆನ್ ಸುಟ್ಟಿತು. ಮಾರ್ಚ್ 12ಕ್ಕೆ ವಿಯೆನ್ನಾದ ಒಪೆರಾ ಮಂದಿರ. ಮರುದಿನ, ಮಾರ್ಚ್ 13ರಂದು, ಸ್ಟ್ರಾಸ್ ‘ಮೆಟಮಾರ್ಫೋಸನ್’ನ ಅಂತಿಮ ಸ್ವರಲಿಪಿ ಬರೆಯಲು ಕುಳಿತ. ಏಪ್ರಿಲ್ 12ಕ್ಕೆ ಮುಗಿಸಿದ.

ಈ ಕೃತಿಯ ಎದುರು ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಇಪ್ಪತ್ಮೂರು ತಂತಿವಾದ್ಯಗಳು: ಹತ್ತು ವಯೊಲಿನ್, ಐದು ವಯೋಲಾ, ಐದು ಚೆಲ್ಲೋ, ಮೂರು ಡಬಲ್ ಬಾಸ್. ಸಾಮಾನ್ಯವಾಗಿ ವಾದ್ಯವೃಂದದಲ್ಲಿ ಹತ್ತು ವಯೊಲಿನ್‌ಗಳು ಸೇರಿ ಒಂದೇ ಸಾಲು ನುಡಿಸುತ್ತವೆ. ಇಲ್ಲಿ ಇಪ್ಪತ್ಮೂರು ಮಂದಿಗೂ ಇಪ್ಪತ್ಮೂರು ಬೇರೆ ಬೇರೆ ಸಾಲುಗಳು. ಒಂದು ಸೇರುತ್ತದೆ, ಇನ್ನೊಂದು ಹೊರಡುತ್ತದೆ. ಚೆಲ್ಲೋ ಮತ್ತು ಬಾಸ್‌ಗಳ ಮಂದ್ರದಲ್ಲಿ ಆರಂಭವಾಗಿ, ವೇಗ ಏರಿ, ನಡುವೆ ಆಸೆಯೂ ಮಿಂಚಿ, ಮತ್ತೆ ಮೊದಲಿನ ನಿಧಾನಕ್ಕೆ ಕುಸಿಯುತ್ತದೆ. ಒಟ್ಟು ಇಪ್ಪತ್ತೈದು ನಿಮಿಷದ ಆಸುಪಾಸು, ಎಲ್ಲೂ ಬಿಡುವಿಲ್ಲ. ಉದ್ದಕ್ಕೂ ಒಂದು ಎಳೆ ಮತ್ತೆ ಮತ್ತೆ ಬರುತ್ತದೆ: ಒಂದೇ ಸ್ವರವನ್ನು ಒತ್ತಿ ಒತ್ತಿ ಹೇಳಿ, ಆಮೇಲೆ ತುಂಡರಿಸಿದಂತೆ ಕೆಳಗಿಳಿಯುವ ಎಳೆ. ಎಲ್ಲೋ ಕೇಳಿದ್ದೇನಲ್ಲ ಎಂದು ಕಿವಿ ತಡಕಾಡುತ್ತಲೇ ಇರುತ್ತದೆ. ಉತ್ತರ ಸಿಗುವುದು ಕೊನೆಯ ಕೆಲವು ಬಾರ್‌ಗಳಲ್ಲಿ, ಅಂದರೆ ತಾಳದ ಆವರ್ತಗಳಲ್ಲಿ. ಅಲ್ಲಿ ಕೆಳಗಿನ ವಾದ್ಯಗಳು ಬೀಥೋವನನ ‘ಎರೋಯಿಕಾ’ ಸಿಂಫನಿಯ ಶವಯಾತ್ರೆಯ ರಾಗವನ್ನೇ ನೇರವಾಗಿ ನುಡಿಸುತ್ತವೆ. ಸ್ವರಲಿಪಿಯಲ್ಲಿ ಅದರಡಿ ಸ್ಟ್ರಾಸ್ ‘ಇನ್ ಮೆಮೋರಿಯಮ್’ ಎಂದು ಬರೆದ, ನೆನಪಿನಲ್ಲಿ ಎಂದು. ಯಾರ ನೆನಪು ಎಂಬುದನ್ನು ಬರೆಯಲಿಲ್ಲ. ಬೀಥೋವನನದೇ, ಸುಟ್ಟ ನಗರಗಳದೇ, ಜರ್ಮನ್ ಸಂಸ್ಕೃತಿಯದೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನನ್ನ ಕಿವಿಗೆ ಅದರಲ್ಲಿ ಪಶ್ಚಾತ್ತಾಪವೂ ಕೇಳುತ್ತದೆ. ಅದಕ್ಕೆ ಅವನ ಕೈಬರಹದ ಸಾಕ್ಷಿಯಿಲ್ಲ, ಸಂಗೀತದ ಸಾಕ್ಷಿ ಮಾತ್ರ. ಪಾಲ್ ಸಾಕರ್ 1946ರ ಜನವರಿ 25ರಂದು ಜ್ಯೂರಿಕ್‌ನಲ್ಲಿ ಇದರ ಮೊದಲ ಪ್ರದರ್ಶನ ನಡೆಸಿಕೊಟ್ಟ. ಇದಕ್ಕೂ ಎಳೆಬಿಸಿಲೆಂದೇ ಹೆಸರಿಡುವುದಾದರೆ ಆ ಹೆಸರಿನ ಮೃದುತ್ವವನ್ನು ಪಕ್ಕಕ್ಕಿಟ್ಟೇ ಇಡಬೇಕು.

ಯುದ್ಧ ಮುಗಿಯುವ ಹೊತ್ತಿಗೆ, 1945ರ ಏಪ್ರಿಲ್ 30ರಂದು, ಅಮೆರಿಕದ ಸೈನಿಕರು ಗಾರ್ಮಿಶ್‌ನ ಅವನ ಮನೆಗೆ ಬಂದರು. ‘ರೋಸೆನ್‌ಕವಲಿಯರ್’, ‘ಸಲೋಮೆ’ ಬರೆದವನು ನಾನು ಎಂದು ಅವನು ಹೊರಗೆ ಬಂದು ಹೇಳಿದ, ಮನೆ ಉಳಿಯಿತು. ಅಲ್ಲಿಗೆ ಬಂದುಹೋಗುತ್ತಿದ್ದ ಸೈನಿಕರಲ್ಲಿ ಪಿಟ್ಸ್‌ಬರ್ಗ್ ವಾದ್ಯವೃಂದದಲ್ಲಿ ಒಬೋ ಎಂಬ ಊದುವಾದ್ಯ ನುಡಿಸುತ್ತಿದ್ದ ಜಾನ್ ಡಿ ಲ್ಯಾನ್ಸಿ ಎಂಬ ಯುವಕನೂ ಇದ್ದ. ಒಬೋಗಾಗಿ ಕನ್ಸರ್ಟೋ ಬರೆಯುವ ಯೋಚನೆ ಇದೆಯೇ ಎಂದು ಕೇಳಿದ. ಇಲ್ಲ ಎಂಬ ಒಂದೇ ಮಾತಿನ ಉತ್ತರ ಬಂತು. ಅದೇ ವರ್ಷ ಒಬೋ ಕನ್ಸರ್ಟೋ ಸಿದ್ಧವಾಯಿತು! ಚೆಲ್ಲೋಗಳು ಎರಡು ಸ್ವರಗಳನ್ನು ತೂಗಿದ ಕೂಡಲೇ ಒಬೋ ಹೊರಡುತ್ತದೆ. ಐವತ್ತಕ್ಕೂ ಹೆಚ್ಚು ಬಾರ್ ಉಸಿರಾಡಲು ಪುರುಸೊತ್ತು ಕೊಡದೆ ಹಾಡುತ್ತಲೇ ಹೋಗುತ್ತದೆ. ವಾದಕರಿಗೆ ಇದೊಂದು ಅಗ್ನಿಪರೀಕ್ಷೆ, ಕೇಳುವವರಿಗೆ ಹರಿಯುವ ನೀರು. ‘ಮೆಟಮಾರ್ಫೋಸನ್’ ಬರೆದ ಕೈಯೇ ತಿಂಗಳುಗಳ ಅಂತರದಲ್ಲಿ ಇದನ್ನೂ ಬರೆಯಿತು.

ಜರ್ಮನಿಯಲ್ಲಿ ನಾಜಿಗಳೊಂದಿಗಿನ ನಂಟಿನ ತನಿಖೆ ಕಾದಿತ್ತು, ಗೌರವಧನ ಸ್ಥಗಿತವಾಗಿತ್ತು. ಗಂಡಹೆಂಡತಿ 1945ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಹೋಟೆಲುಗಳಲ್ಲಿ ದಿನ ಕಳೆದರು. 1947ರಲ್ಲಿ ಕ್ಲಾರಿನೆಟ್ ಮತ್ತು ಬಸೂನ್ ಎಂಬ ಊದುವಾದ್ಯಗಳ ಜೋಡಿ ಕನ್ಸರ್ಟೀನೊ (ಪುಟ್ಟ ಕನ್ಸರ್ಟೋ) ಬಂತು. ತನಿಖಾ ಮಂಡಳಿ 1948ರ ಜೂನ್‌ನಲ್ಲಿ ಅವನನ್ನು ದೋಷಮುಕ್ತನೆಂದಿತು.

ಆ ವರ್ಷವೇ ಮೇಯಿಂದ ಸೆಪ್ಟೆಂಬರ್ ನಡುವೆ ಮಾಂಟ್ರೋ ಮತ್ತು ಪೊಂಟ್ರೆಸಿನಾಗಳಲ್ಲಿ ನಾಲ್ಕು ಹಾಡುಗಳು ಹುಟ್ಟಿದವು. ಒಂದು ಐಖೆನ್‌ಡೋರ್ಫ್‌ನ ಕವಿತೆ, ಮೂರು ಹರ್ಮನ್ ಹೆಸ್ಸೆಯವು. ಹೆಂಡತಿ ಪೌಲೀನ್ ಸ್ವತಃ ಗಾಯಕಿಯಾಗಿದ್ದವಳು; ಈ ಹಾಡುಗಳು ಸೊಪ್ರಾನೊ, ಅಂದರೆ ಹೆಣ್ಣಿನ ತಾರ ಕಂಠಕ್ಕೇ ಬರೆದವು. ಐಖೆನ್‌ಡೋರ್ಫ್‌ನ ಕವಿತೆಯಲ್ಲಿ ಬಾಳಿನುದ್ದಕ್ಕೂ ಕೈಹಿಡಿದು ನಡೆದ ಜೋಡಿ ಸಂಜೆಗೆಂಪಿನಲ್ಲಿ ನಿಂತು, ಸಾವೆಂದರೆ ಇದೇ ಇರಬಹುದೇ ಎಂದು ಕೇಳುತ್ತದೆ. ಮೂಲದಲ್ಲಿ ‘ಅದು’ ಎಂದಿದ್ದುದನ್ನು ಸ್ಟ್ರಾಸ್ ‘ಇದು’ ಎಂದು ತಿದ್ದಿದ. ಆ ಪ್ರಶ್ನೆಯ ಹಿಂದೆಯೇ ಹಾರ್ನ್‌ನಲ್ಲಿ ಒಂದು ಹಳೆಯ ರಾಗ ಕೇಳುತ್ತದೆ: 1889ರಲ್ಲಿ ತಾನೇ ಮುಗಿಸಿದ ‘ಸಾವು ಮತ್ತು ರೂಪಾಂತರ’ ಕೃತಿಯದು. ಇಪ್ಪತ್ತೈದರ ಯುವಕ ಸಾವನ್ನು ಕಲ್ಪಿಸಿ ಬರೆದ ರಾಗವನ್ನು ಎಂಬತ್ಮೂರರ ಮುದುಕ ಕರೆಸಿಕೊಂಡಿದ್ದಾನೆ. ಮೇಲೆ ಎರಡು ಬಾನಾಡಿಗಳು ಕೊಳಲಿನಲ್ಲಿ ಉಲಿಯುತ್ತವೆ.

‘ನಾಲ್ಕು ಕೊನೆಯ ಹಾಡುಗಳು’ ಎಂಬ ಶೀರ್ಷಿಕೆ ಅವನದಲ್ಲ. ಅವನು 1949ರ ಸೆಪ್ಟೆಂಬರ್ 8ರಂದು ತೀರಿಕೊಂಡ ಮೇಲೆ ಪ್ರಕಾಶಕ ಅರ್ನ್‌ಸ್ಟ್ ರೋತ್ ಕೊಟ್ಟದ್ದು. ಅಚ್ಚಾದ ಅನುಕ್ರಮವೂ ರೋತ್‌ನದೇ. ನಿಜಕ್ಕೂ ಕೊನೆಯದು ಇನ್ನೊಂದು ಪುಟ್ಟ ಹಾಡು: 1948ರ ನವೆಂಬರಿನಲ್ಲಿ ಗಾಯಕಿ ಮರಿಯಾ ಯೆರಿಟ್ಸಾಳಿಗೆ ಬರೆದುಕೊಟ್ಟ ‘ಮಾಲ್ವೆನ್’. ಅವಳು ಅದನ್ನು ತನ್ನ ಬಳಿಯೇ ಇಟ್ಟುಕೊಂಡದ್ದರಿಂದ 1985ರವರೆಗೆ ಲೋಕಕ್ಕೆ ಕೇಳಿಸಲೇ ಇಲ್ಲ.

ನಾಲ್ಕು ಹಾಡುಗಳ ಮೊದಲ ಪ್ರದರ್ಶನಕ್ಕೂ ಮೈಸೂರಿಗೂ ನಂಟಿದೆ, ಕನ್ನಡಿಗರಲ್ಲಿ ಇದು ತಿಳಿದವರು ಕಡಿಮೆ. ಮಹಾರಾಜ ಜಯಚಾಮರಾಜ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತವನ್ನೂ ಅಷ್ಟೇ ಆಳವಾಗಿ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಈ ಹಾಡುಗಳನ್ನು ಹಾಡಿದಳು, ಫುರ್ಟ್‌ವೆಂಗ್ಲರ್ ನಿರ್ದೇಶಿಸಿದ. ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ನೀಡಿದವರು ಮಹಾರಾಜರು. ತಾವು ಹೋಗಲಾಗದಿದ್ದರೂ ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಅವರ ಅಪೇಕ್ಷೆ. ಅಂದಿನ ಧ್ವನಿಮುದ್ರಣ ಕರಕರ ಸದ್ದಿನ ನಡುವೆಯೇ ಇಂದಿಗೂ ಉಳಿದಿದೆ. ಪೌಲೀನ್ ಮಾತ್ರ ಆ ಕಛೇರಿಗೆ ಒಂಬತ್ತು ದಿನ ಮೊದಲು ತೀರಿಕೊಂಡಿದ್ದಳು.

ಈ ರಚನೆಗಳನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಂಯೋಜಕ ಶೋನ್‌ಬರ್ಗ್ 1947ರಲ್ಲಿ ವಾರ್ಸಾದ ಹತ್ಯಾಕಾಂಡವನ್ನು ಸಂಗೀತಕ್ಕೆ ತರುತ್ತಿದ್ದಾಗ ಸ್ಟ್ರಾಸ್ ಹತ್ತೊಂಬತ್ತನೆಯ ಶತಮಾನದ ಭಾಷೆಯಲ್ಲೇ ಮಾತಾಡುತ್ತಿದ್ದ ಎಂಬುದು ದಿಟ. ಆದರೆ ಆ ಭಾಷೆಯನ್ನು ಬಲ್ಲ ಕೊನೆಯ ದೊಡ್ಡ ಸಂಯೋಜಕ ಅದು ಬೂದಿಯಾಗುವುದನ್ನು ಕಣ್ಣಾರೆ ಕಂಡು ಅದರಲ್ಲೇ ಬರೆದ. ಅದಕ್ಕೆ ಬೇರೆ ಯಾರೂ ಸಾಕ್ಷಿ ನುಡಿಯಲಾಗುತ್ತಿರಲಿಲ್ಲ.

ಹೊಸದಾಗಿ ಕೇಳುವವರು ನಾಲ್ಕು ಹಾಡುಗಳಿಂದ ಶುರುಮಾಡುವುದು ವಾಡಿಕೆ. ನಾನು ಹೇಳುವುದಾದರೆ ಮೊದಲು ಎರಡು ಹಾರ್ನ್ ಕನ್ಸರ್ಟೋಗಳನ್ನು ಒಂದರ ಹಿಂದೊಂದು ಕೇಳಿ, ಅರವತ್ತು ವರ್ಷಗಳ ಅಂತರ ಕಿವಿಗೆ ತಾಕಲಿ. ಆಮೇಲೆ ‘ಎರೋಯಿಕಾ’ದ ಎರಡನೆಯ ಭಾಗ, ಅದು ಮನಸ್ಸಿನಲ್ಲಿರುವಾಗಲೇ ‘ಮೆಟಮಾರ್ಫೋಸನ್’. ಹಾಡುಗಳನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಕವಿತೆಗಳ ಅನುವಾದವನ್ನು ಎದುರಿಗಿಟ್ಟುಕೊಂಡು ಕೇಳಿ. ‘ಕ್ಯಾಪ್ರಿಚಿಯೋ’ ಪೂರ್ತಿ ಕೇಳಲು ಎರಡು ಗಂಟೆಗೂ ಹೆಚ್ಚು ಬೇಕು. ಅದರ ಕೊನೆಯ ದೃಶ್ಯ ಮಾತ್ರ ಬೇರೆಯಾಗಿಯೂ ಸಿಗುತ್ತದೆ.